ಹಳೇ ಕಂಪ್ಯೂಟರ್‌ಗೆ ಹಾರ್ಡ್ ಡಿಸ್ಕ್ ಕಂಟ್ರೋಲರ್ ಆರಿಸ್ಕೊಳ್ಳೋದು ಹೇಗೆ: ಸ್ಪೀಡ್ ಆಮೇಲೆ, ಮೊದ್ಲು ಬಯೋಸ್ ನೋಡಿ

ಹಳೇ ಮಷೀನ್ ಒಂದನ್ನ ಮತ್ತೆ ಎಬ್ಬಿಸಕ್ಕೆ ಕೂತವರು ಮೊದ್ಲು ಹುಡ್ಕೋದು ಡಿಸ್ಕ್‌ನ. ಎಲ್ಲೋ ಒಂದು 80 ಜಿಬಿ ಡಿಸ್ಕ್ ಬಿದ್ದಿರತ್ತೆ, ಇಲ್ಲಾ ಹೊಸ ಎಸ್‌ಎಸ್‌ಡಿ ಒಂದು ಕೈಲಿರತ್ತೆ, ಅದನ್ನ ಹಿಡ್ಕೊಂಡು ಇದಕ್ಕೆ ಯಾವ ಕಂಟ್ರೋಲರ್ ಕಾರ್ಡ್ ಹೊಂದತ್ತೆ ಅಂತ ಕೇಳ್ತಾರೆ. ಇದು ಉಲ್ಟಾ ದಾರಿ. ಮೊದ್ಲು ಸ್ಲಾಟ್ (ಬೋರ್ಡ್ ಮೇಲೆ ಕಾರ್ಡ್ ಚುಚ್ಚೋ ಜಾಗ), ಆಮೇಲೆ ಬಯೋಸ್ (ಮಷೀನ್ ಆನ್ ಆದ ಕೂಡ್ಲೇ ಓಡೋ, ಬೋರ್ಡ್‌ನ ಚಿಪ್‌ನಲ್ಲಿರೋ ಪ್ರೋಗ್ರಾಮ್), ಆಮೇಲೆ ಕಂಟ್ರೋಲರ್, ಕೊನೆಗೆ ಡಿಸ್ಕ್, ಈ ಕ್ರಮದಲ್ಲಿ ಹೋದ್ರೆ ಅರ್ಧ ತಲೆನೋವು ಶುರುವಾಗೋ ಮುಂಚೇನೇ ಮುಗಿಯತ್ತೆ.

ಕಂಟ್ರೋಲರ್ ಅಂದ್ರೆ ಬರೀ ಕೇಬಲ್ ಚುಚ್ಚೋ ಜಾಗ ಅಲ್ಲ. ಮಷೀನ್ ಆನ್ ಆದಾಗ ಇಲ್ಲೊಂದು ಡಿಸ್ಕ್ ಇದೆ, ಇಷ್ಟು ದೊಡ್ದಿದೆ, ಹಿಂಗೆ ಓದ್ಬೇಕು ಅಂತ ಹೇಳ್ಕೊಡೋ ಕೋಡ್ ಒಂದೋ ಮದರ್‌ಬೋರ್ಡ್ ಬಯೋಸ್‌ನಲ್ಲಿ ಇರತ್ತೆ, ಇಲ್ಲಾ ಕಾರ್ಡ್ ಮೇಲೇ ಕೂತಿರೋ ರೋಮ್ ಚಿಪ್‌ನಲ್ಲಿ ಇರತ್ತೆ. ಎರಡೂ ಕಡೆ ಇಲ್ಲ ಅಂದ್ರೆ ಎಷ್ಟೇ ಫಾಸ್ಟ್ ಕಾರ್ಡ್ ತಂದ್ರೂ ಅದ್ರಿಂದ ಬೂಟ್ ಆಗಲ್ಲ, ಡ್ರೈವರ್ ಲೋಡ್ ಆದ್ಮೇಲೆ ಎರಡನೇ ಡಿಸ್ಕ್ ಆಗಿ ಬಳಸ್ಬಹುದು ಅಷ್ಟೇ. ಇನ್ನು ಸ್ಪೀಡ್ ವಿಷ್ಯ ಅಂದ್ರೆ ಹಳೇ ಮಷೀನ್‌ನಲ್ಲಿ ಅದನ್ನ ತೀರ್ಮಾನ ಮಾಡೋದು ಬಸ್ಸು (ಕಾರ್ಡ್ ಮತ್ತೆ ಬೋರ್ಡ್ ಮಧ್ಯೆ ಡೇಟಾ ಓಡಾಡೋ ದಾರಿ) ಮತ್ತೆ ಪ್ರೊಸೆಸರ್, ಕಾರ್ಡ್ ಡಬ್ಬಿ ಮೇಲೆ ಬರ್ದಿರೋ ನಂಬರ್ ಅಲ್ಲ. ಹಾಗಾಗಿ ನನ್ನ ಅಭಿಪ್ರಾಯ ಸೀದಾ ಇದೆ: ಕಾರ್ಡ್ ಕೊಳ್ಳೋವಾಗ ಮೊದ್ಲು ಅದರ ರೋಮ್ ನೋಡಿ, ಸ್ಪೀಡ್ ಕೊನೆಗೆ ನೋಡಿ.

ಮೊದ್ಲು ಮುಚ್ಚಳ ತೆಗೀರಿ

ಒಳಗೆ ಯಾವ ಸ್ಲಾಟ್ ಇದೆ ಅಂತ ಕಣ್ಣಲ್ಲೇ ಗೊತ್ತಾಗತ್ತೆ. ಸಾಮಾನ್ಯವಾಗಿ ಕಪ್ಪಗಿರೋದು ಐಎಸ್‌ಎ, ಒಂದೇ ತುಂಡಿದ್ರೆ 8 ಬಿಟ್, ಅದರ ಮುಂದಕ್ಕೆ ಇನ್ನೊಂದು ಚಿಕ್ಕ ತುಂಡು ಸೇರ್ಕೊಂಡಿದ್ರೆ 16 ಬಿಟ್. ಅದರ ಸಾಲಲ್ಲೇ ಇನ್ನೂ ಮುಂದೆ ಕಂದು ಬಣ್ಣದ ಮೂರನೇ ತುಂಡು ಇದ್ರೆ ಅದು ವೀಸಾ (VESA) ಲೋಕಲ್ ಬಸ್, 486 ಪ್ರೊಸೆಸರ್ ಇರೋ ಬೋರ್ಡ್‌ಗಳಲ್ಲಿ ಕಾಣ್ಸತ್ತೆ. ಚಿಕ್ಕದಾಗಿ ಬೆಳ್ಳಗಿರೋದು ಪಿಸಿಐ. ಪಿಸಿಐ ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ ಸರ್ದಿರೋ ಕಂದು ಸ್ಲಾಟ್ ಎಜಿಪಿ, ಅದು ಗ್ರಾಫಿಕ್ಸ್‌ಗೆ ಮಾತ್ರ, ಡಿಸ್ಕ್ ಕೆಲ್ಸಕ್ಕೆ ಬರಲ್ಲ.

ಆಮೇಲೆ ಬಯೋಸ್ ತಾರೀಖು ನೋಡಿ, ಆನ್ ಮಾಡಿದಾಗ ಸ್ಕ್ರೀನ್ ಮೇಲೆ ಬರತ್ತೆ, ಬರ್ಲಿಲ್ಲ ಅಂದ್ರೆ ಚಿಪ್ ಮೇಲಿನ ಸ್ಟಿಕರ್‌ನಲ್ಲಿ ಇರಬಹುದು. ತಾರೀಖು ಯಾಕೆ ಮುಖ್ಯ ಅಂದ್ರೆ ಪ್ರತಿ ಕಾಲದ ಬಯೋಸ್‌ಗೂ ಡಿಸ್ಕ್ ಸೈಜ್ ವಿಷ್ಯದಲ್ಲಿ ಒಂದೊಂದು ಗೋಡೆ ಇದೆ. 1990ರ ದಶಕದ ಶುರುವಿನ ಬಯೋಸ್‌ಗಳು 528 ಎಂಬಿ ದಾಟಲ್ಲ (1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಸೆಕ್ಟರ್‌ಗೆ 512 ಬೈಟ್, ಗುಣಿಸಿದ್ರೆ ಅಲ್ಲಿಗೇ ಬಂದು ನಿಲ್ಲತ್ತೆ). ಅದಾದ್ಮೇಲೆ 8.4 ಜಿಬಿ ಗೋಡೆ, ಆಮೇಲೆ 33.8 ಜಿಬಿ, ಆಮೇಲೆ 137 ಜಿಬಿ. ಇದ್ರಲ್ಲಿ 33.8 ಜಿಬಿದು ತುಂಬಾ ಕಾಡೋದು, ಯಾಕಂದ್ರೆ ಕೆಲವು ಹಳೇ ಅವಾರ್ಡ್ ಬಯೋಸ್‌ಗಳು ಅದಕ್ಕಿಂತ ದೊಡ್ಡ ಡಿಸ್ಕ್ ನೋಡಿದ ಕೂಡ್ಲೇ ಡಿಸ್ಕ್ ಹುಡ್ಕೋ ಹಂತದಲ್ಲೇ ಹ್ಯಾಂಗ್ ಆಗಿ ನಿಂತ್ಬಿಡತ್ತೆ, ಸೆಟಪ್‌ಗೆ ಹೋಗಕ್ಕೂ ಬಿಡಲ್ಲ, ಜನ ಮದರ್‌ಬೋರ್ಡೇ ಹೋಯ್ತು ಅಂದ್ಕೊಳ್ತಾರೆ. ಡಿಸ್ಕ್ ಕೇಬಲ್ ಕಿತ್ತು ಆನ್ ಮಾಡಿ, ಸರಿಯಾಗಿ ಮುಂದೆ ಹೋದ್ರೆ ಬೋರ್ಡ್‌ಗೆ ಏನೂ ಆಗಿಲ್ಲ ಅಂತ ಅರ್ಥ.

ಈ ಗೋಡೆಗಳನ್ನ ದಾಟೋಕೆ ಅಂತಾನೇ ಬಹಳಷ್ಟು ಜನಕ್ಕೆ ಬೇರೆ ಕಂಟ್ರೋಲರ್ ಬೇಕಾಗೋದು. ಸ್ವಂತ ರೋಮ್ ಇರೋ ಕಾರ್ಡ್ ಹಾಕಿದ್ರೆ ಮದರ್‌ಬೋರ್ಡ್ ಬಯೋಸ್‌ಗೆ ಡಿಸ್ಕ್ ವಿಷ್ಯದಲ್ಲಿ ಕೆಲ್ಸಾನೇ ಇರಲ್ಲ, ಎಲ್ಲಾ ಕಾರ್ಡೇ ನೋಡ್ಕೊಳ್ಳತ್ತೆ.

ಎಕ್ಸ್‌ಟಿ ಕಾಲದ 8 ಬಿಟ್ ಮಷೀನ್‌ಗಳು

1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿ ಡಿಸ್ಕ್ ಇತ್ತು, ಅದಕ್ಕೆ ಉದ್ದಕ್ಕೆ ಒಂದು ಎಮ್‌ಎಫ್‌ಎಮ್ ಕಂಟ್ರೋಲರ್ ಕಾರ್ಡ್. ಆ ಕಾಲದ ಡಿಸ್ಕ್‌ಗಳಿಗೆ ಸ್ವಂತ ಬುದ್ಧಿ ಇರಲಿಲ್ಲ, ಹೆಡ್ ಎಲ್ಲಿ ಹೋಗ್ಬೇಕು, ಬರೋ ಸಿಗ್ನಲ್‌ನ ಬಿಟ್ ಆಗಿ ಹೆಂಗೆ ಬಿಡಿಸ್ಬೇಕು ಅನ್ನೋದೆಲ್ಲ ಕಾರ್ಡ್‌ನ ಕೆಲ್ಸ. ಎರಡು ಕೇಬಲ್ ಹೋಗತ್ತೆ, 34 ಪಿನ್‌ದು ಒಂದು, 20 ಪಿನ್‌ದು ಒಂದು. ಇದನ್ನ ನೋಡಿದ್ರೆ ಎಮ್‌ಎಫ್‌ಎಮ್ಮೋ ಆರ್‌ಎಲ್‌ಎಲ್ಲೋ (ಎರಡೂ ಡಿಸ್ಕ್ ಮೇಲೆ ಬಿಟ್‌ಗಳನ್ನ ಬರೆಯೋ ವಿಧಾನಗಳು) ಇರ್ಬೇಕು ಅಂತ ತಿಳ್ಕೋಬಹುದು, ಆದ್ರೆ ಈಎಸ್‌ಡಿಐ ಅನ್ನೋ ಇನ್ನೊಂದು ಜಾತಿಯೂ ಇದೇ ಕನೆಕ್ಟರ್ ಬಳಸತ್ತೆ, ಅದು ಇದಕ್ಕೆ ಹೊಂದಲ್ಲ, ಡಿಸ್ಕ್‌ನ ಮಾಡೆಲ್ ನಂಬರ್ ನೋಡ್ದೆ ಚುಚ್ಚಬೇಡಿ.

ನಿಮ್ಮ ಹತ್ರ ಹಳೇ ಎಮ್‌ಎಫ್‌ಎಮ್ ಡಿಸ್ಕ್ ಜೀವಂತವಾಗಿದ್ದು ಅದರೊಳಗೆ ಬೇಕಾದ ಫೈಲ್ ಇದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಅದ್ರ ಜೊತೆ ಬಂದ ಕಾರ್ಡ್‌ನ ಬದಲಾಯಿಸ್ಬೇಡಿ. ಒಂದು ಕಂಟ್ರೋಲರ್‌ನಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ (ಡಿಸ್ಕ್ ಮೇಲೆ ಟ್ರ್ಯಾಕ್, ಸೆಕ್ಟರ್ ಗುರುತು ಹಾಕೋದು) ಆದ ಡಿಸ್ಕ್‌ನ ಬೇರೆ ಮಾಡೆಲ್ ಕಂಟ್ರೋಲರ್ ಓದೋದು ಅಪರೂಪ. ಮೊದ್ಲು ಡೇಟಾ ಈಚೆ ತೆಗೀರಿ, ಬಾಕಿ ಎಲ್ಲ ಆಮೇಲೆ. ಡೇಟಾ ಏನೂ ಬೇಡ, ಡಿಸ್ಕ್ ಮಾತ್ರ ಓಡ್ಬೇಕು ಅಂದ್ರೆ ಬೇರೆ ಕಾರ್ಡ್ ಹಾಕಿ ಮತ್ತೆ ಲೋ ಲೆವೆಲ್ ಫಾರ್ಮ್ಯಾಟ್ ಮಾಡ್ಕೋಬಹುದು, ವೆಸ್ಟರ್ನ್ ಡಿಜಿಟಲ್ ಕಾರ್ಡ್‌ಗಳಲ್ಲಾದ್ರೆ ಡಾಸ್‌ನ ಡಿಬಗ್ ಪ್ರೋಗ್ರಾಮ್ ತೆಗ್ದು ಜಿ=ಸಿ800:5 ಅಂತ ಕೊಟ್ರೆ ಕಾರ್ಡ್ ರೋಮ್‌ನಲ್ಲೇ ಇರೋ ಫಾರ್ಮ್ಯಾಟ್ ಪ್ರೋಗ್ರಾಮ್ ಶುರುವಾಗತ್ತೆ. ಆರ್‌ಎಲ್‌ಎಲ್ ಕಾರ್ಡ್ ಹಾಕಿದ್ರೆ ಒಂದೊಂದು ಟ್ರ್ಯಾಕ್‌ಗೆ 17ರ ಬದ್ಲು 26 ಸೆಕ್ಟರ್ ಸಿಗತ್ತೆ, ಅಂದ್ರೆ ಅದೇ ಡಿಸ್ಕ್‌ನಲ್ಲಿ ಒಂದೂವರೆ ಪಟ್ಟು ಜಾಗ, ಆದ್ರೆ ಅದಕ್ಕೆ ಅಂತ ಮಾಡಿದ ಡಿಸ್ಕ್ ಆಗಿರ್ಬೇಕು. ಸೀಗೇಟ್ ಎಸ್‌ಟಿ-225 ಸುಮಾರು 21 ಎಂಬಿ ಎಮ್‌ಎಫ್‌ಎಮ್, ಅದರ ಆರ್‌ಎಲ್‌ಎಲ್ ಅಣ್ಣ ಎಸ್‌ಟಿ-238ಆರ್ ಸುಮಾರು 32 ಎಂಬಿ. 225ನ್ನ ಆರ್‌ಎಲ್‌ಎಲ್ ಕಾರ್ಡ್‌ಗೆ ಹಾಕಿದ್ರೆ ಮೊದ್ಲು ಕೆಲ್ಸ ಮಾಡ್ದಂಗೆ ಕಾಣ್ಬಹುದು, ದಿನ ಕಳೀತಾ ಸೆಕ್ಟರ್‌ಗಳು ಕೈ ಕೊಡೋ ಅಪಾಯ ಇದೆ, ಈ ಆಸೆ ಬೇಡ.

ಡಿಸ್ಕ್ ಸತ್ತಿದೆ, ಮಷೀನ್ ದಿನಾ ಬಳಸ್ಬೇಕು ಅನ್ನೋರಿಗೆ ನನ್ನ ಉತ್ತರ ಒಂದೇ, ಎಕ್ಸ್‌ಟಿ-ಐಡಿಇ ಜಾತಿಯ ಕಾರ್ಡ್ (ಐಡಿಇ ಅಂದ್ರೆ ಕಂಟ್ರೋಲರ್ ಒಳಗೇ ಇರೋ, ಆಮೇಲಿನ ಕಾಲದ ಡಿಸ್ಕ್ ಬಗೆ). ಹವ್ಯಾಸಿಗಳು ಸೇರಿ ಡಿಸೈನ್ ಮಾಡಿದ್ದು, ಅದರ ಬಯೋಸ್ ಓಪನ್ ಸೋರ್ಸ್, ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯೋಸ್ ಅಂತ ಹೆಸ್ರು. ಇದ್ರಲ್ಲಿ ಎರಡು ಬಗೆ ಇದೆ, ವ್ಯತ್ಯಾಸ ಗೊತ್ತಿರ್ಲಿ. ಐಡಿಇ ಡಿಸ್ಕ್ ಮಾತಾಡೋದು 16 ಬಿಟ್‌ನಲ್ಲಿ, ಸ್ಲಾಟ್ ಇರೋದು 8 ಬಿಟ್. ಮೂಲ ಎಕ್ಸ್‌ಟಿ-ಐಡಿಇ ಕಾರ್ಡ್ ಆ 16 ಬಿಟ್‌ನಲ್ಲಿ ಮೇಲಿನ ಬೈಟ್‌ನ ಒಂದು ಲ್ಯಾಚ್‌ನಲ್ಲಿ ಹಿಡಿದಿಟ್ಟು ಎರಡು ಸಲಕ್ಕೆ ಕೊಡತ್ತೆ, ಹಾಗಾಗಿ ಮಾಮೂಲಿ ಐಡಿಇ ಡಿಸ್ಕ್‌ಗಳೂ ಅದ್ರಲ್ಲಿ ನಡೆಯತ್ತೆ. ಎಕ್ಸ್‌ಟಿ-ಸಿಎಫ್ ಅನ್ನೋ ಸರಳ ಕಾರ್ಡ್‌ನಲ್ಲಿ ಆ ಲ್ಯಾಚ್ ಇಲ್ಲ, ಕಾಂಪ್ಯಾಕ್ಟ್ ಫ್ಲ್ಯಾಶ್ (ಸಿಎಫ್, ಹಳೇ ಕ್ಯಾಮೆರಾಗಳ ಮೆಮೊರಿ ಕಾರ್ಡ್) ಕಾರ್ಡ್‌ಗೇ 8 ಬಿಟ್ ಮೋಡ್‌ಗೆ ಹೋಗು ಅಂತ ಹೇಳತ್ತೆ, ಆ ಮೋಡ್ ಸರಿಯಾಗಿ ಗೊತ್ತಿರೋ ಸಿಎಫ್ ಕಾರ್ಡ್ ಮಾತ್ರ ನಡೆಯತ್ತೆ, ಸ್ಪಿನ್ ಆಗೋ ಡಿಸ್ಕ್ ಹಾಕೋ ಯೋಚ್ನೆ ಇದ್ರೆ ಇದು ಬೇಡ. ಒಂದು ಸಿಎಫ್ ಕಾರ್ಡ್ ಒಪ್ಲಿಲ್ಲ ಅಂದ ಮಾತ್ರಕ್ಕೆ ಕಂಟ್ರೋಲರ್ ಹಾಳಾಗಿದೆ ಅಂತ ಅಲ್ಲ, ಬೇರೆ ಬ್ರ್ಯಾಂಡ್ ಕಾರ್ಡ್ ಹಾಕಿ ನೋಡಿ.

ರೋಮ್‌ಗೆ ಯಾವ ಫೈಲ್ ಬರೀಬೇಕು ಅನ್ನೋದೂ ಮುಖ್ಯ. 8088 ಪ್ರೊಸೆಸರ್‌ಗೆ ಒಂದು ಆವೃತ್ತಿ, ಎನ್‌ಇಸಿ ವಿ20 ಅಥ್ವಾ 80186ಗೆ ಇನ್ನೊಂದು, 286 ಎಟಿಗೆ ಮತ್ತೊಂದು, 386ಗೆ ಬೇರೆ. ವಿ20ಗೆ ಅಂತ ಇರೋದನ್ನ 8088 ಮೇಲೆ ಹಾಕಿದ್ರೆ ಆ ಪ್ರೊಸೆಸರ್‌ಗೆ ಗೊತ್ತಿಲ್ದೆ ಇರೋ ಸೂಚನೆಗಳು ಬಂದು ಮಷೀನ್ ನಿಂತೋಗತ್ತೆ. ಬರೆಯೋ ಮುಂಚೆ ಎಕ್ಸ್‌ಟಿಐಡಿಇಸಿಎಫ್‌ಜಿ ಪ್ರೋಗ್ರಾಮ್‌ನಲ್ಲಿ ಕಾರ್ಡ್‌ನ ಬಗೆ ಮತ್ತೆ ಪೋರ್ಟ್ ಅಡ್ರೆಸ್ (ಪ್ರೊಸೆಸರ್ ಆ ಕಾರ್ಡ್‌ನ ಮಾತಾಡ್ಸೋ ವಿಳಾಸ) ಸೆಟ್ ಮಾಡಿ ಆಮೇಲೆ ಬರೀರಿ.

ಪೋರ್ಟ್ ಅಂದ ತಕ್ಷಣ ಇನ್ನೊಂದು. ಈ ಕಾರ್ಡ್‌ಗಳು ಸಾಮಾನ್ಯವಾಗಿ ಬರೋದು 300 ಹೆಕ್ಸ್ ಅಡ್ರೆಸ್‌ನಲ್ಲಿ, ಎನ್ಇ2000 ತರದ ನೆಟ್‌ವರ್ಕ್ ಕಾರ್ಡ್‌ಗಳೂ ಅಲ್ಲೇ ಕೂತಿರ್ತವೆ, ಎರಡೂ ಹಾಕಿದ್ರೆ ಡಿಸ್ಕ್ ಒಮ್ಮೆ ಕಾಣ್ಸತ್ತೆ ಒಮ್ಮೆ ಕಾಣ್ಸಲ್ಲ. ಒಂದನ್ನ 320ಕ್ಕೋ 340ಕ್ಕೋ ಸರಿಸಿ, ಆದ್ರೆ ಹಳೇ ಎಮ್‌ಎಫ್‌ಎಮ್ ಕಾರ್ಡೂ ಒಳಗೇ ಇದ್ರೆ 320 ಅದರ ಜಾಗ, ನೆನಪಿರ್ಲಿ. ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರ್‌ನ ಕರೆಯೋ ಸಿಗ್ನಲ್) ಬೇಕಾಗಿಲ್ಲ, ಅದನ್ನ ಆಫ್ ಮಾಡೇ ಇಡಿ. ಐಬಿಎಂ ಎಕ್ಸ್‌ಟಿಯಲ್ಲಿ ಪವರ್ ಸಪ್ಲೈ ಪಕ್ಕದ 8ನೇ ಸ್ಲಾಟ್ ಬಾಕಿಯವುಗಳ ಹಾಗಲ್ಲ, ಅಲ್ಲಿ ಕೂರೋ ಕಾರ್ಡ್ ಒಂದು ಬೇರೆ ಸಿಗ್ನಲ್ ಕೊಡ್ಬೇಕು, ಕೊಡ್ದೆ ಇದ್ರೆ ಕಾರ್ಡೇ ಕಾಣ್ಸಲ್ಲ, ಕಾರ್ಡ್‌ನಲ್ಲಿ 8ನೇ ಸ್ಲಾಟ್‌ಗೆ ಅಂತ ಜಂಪರ್ (ಎರಡು ಪಿನ್ ಸೇರಿಸೋ ಸಣ್ಣ ತುಂಡು) ಇದ್ರೆ ಸರಿ, ಇಲ್ಲಾಂದ್ರೆ ಬೇರೆ ಸ್ಲಾಟ್‌ಗೆ ಹಾಕಿ.

1981ರ ಮೊದಲ ಐಬಿಎಂ ಪಿಸಿ ಇರೋರು ಇನ್ನೂ ಒಂದು ಪರೀಕ್ಷೆ ಮಾಡ್ಬೇಕು. 1982ರ ಅಕ್ಟೋಬರ್ 27ರ ಬಯೋಸ್‌ಗಿಂತ ಹಳೇದಿದ್ರೆ ಅದು ಕಾರ್ಡ್‌ಗಳ ರೋಮ್‌ನ ಹುಡ್ಕೋದೇ ಇಲ್ಲ, ಯಾವ ಡಿಸ್ಕ್ ಕಂಟ್ರೋಲರೂ ಅದ್ರಲ್ಲಿ ಬೂಟ್ ಆಗಲ್ಲ, ಬಯೋಸ್ ಚಿಪ್ ಬದಲಾಯಿಸ್ಲೇಬೇಕು. ಅದರ ಪವರ್ ಸಪ್ಲೈ 63.5 ವ್ಯಾಟ್ ಮಾತ್ರ, ಎಕ್ಸ್‌ಟಿದು 130. ಹಾಗಾಗಿ ಆ ಮಷೀನ್‌ಗೆ ಹಳೇ ದೊಡ್ಡ ಡಿಸ್ಕ್ ಹಾಕೋಕಿಂತ ಸಿಎಫ್ ಕಾರ್ಡ್ ನೂರು ಪಾಲು ವಾಸಿ.

40 ಪಿನ್ ಕನೆಕ್ಟರ್ ಇರೋ ಹಳೇ 8 ಬಿಟ್ ಕಾರ್ಡ್ ಒಂದು ಸಿಕ್ರೆ ಐಡಿಇ ಅಂತ ಕುಣೀಬೇಡಿ. ಎಕ್ಸ್‌ಟಿಎ ಅನ್ನೋ 8 ಬಿಟ್ ಐಡಿಇ ಒಂದಿತ್ತು, ಅದಕ್ಕೇ ಅಂತ ಬೇರೆ ಡಿಸ್ಕ್‌ಗಳಿದ್ವು, ನೋಡಕ್ಕೆ ಪಿನ್ ಒಂದೇ, ಮಾತು ಬೇರೆ. ಸೀಗೇಟ್ ಎಸ್‌ಟಿ-351ಎ/ಎಕ್ಸ್ ತರದ ಕೆಲವೇ ಡಿಸ್ಕ್‌ಗಳು ಜಂಪರ್ ಬದಲಾಯಿಸಿದ್ರೆ ಎರಡರಲ್ಲೂ ನಡೆಯತ್ತೆ.

286ರಿಂದ 486ವರೆಗೆ

ಇಲ್ಲಿ ಕೆಲ್ಸ ಸುಲಭ. 16 ಬಿಟ್ ಐಎಸ್‌ಎ ಐಡಿಇ ಕಾರ್ಡ್ ಅಂದ್ರೆ ನಿಜವಾಗ್ಲೂ ಕಂಟ್ರೋಲರೇ ಅಲ್ಲ, ಕಂಟ್ರೋಲರ್ ಡಿಸ್ಕ್ ಒಳಗೇ ಇದೆ, ಕಾರ್ಡ್ ಬರೀ ಬಸ್‌ನಿಂದ ಕೇಬಲ್‌ಗೆ ದಾರಿ ಮಾಡ್ಕೊಡತ್ತೆ ಅಷ್ಟೇ. ಫ್ಲಾಪಿ, ಸೀರಿಯಲ್, ಪ್ಯಾರಲಲ್ ಎಲ್ಲಾ ಒಟ್ಟಿಗೆ ಇರೋ ಮಲ್ಟಿ ಐಓ ಕಾರ್ಡ್ ಯಾವ್ದಾದ್ರೂ ನಡೆಯತ್ತೆ, ಬ್ರ್ಯಾಂಡ್‌ಗೆ ಜಾಸ್ತಿ ತಲೆಕೆಡಿಸ್ಕೊಳ್ಳೋದು ಬೇಡ. ಜಂಪರ್ ಪಟ್ಟಿ ಬೋರ್ಡ್ ಮೇಲೇ ಪ್ರಿಂಟ್ ಆಗಿರೋ ಕಾರ್ಡ್ ಸಿಕ್ರೆ ಅದನ್ನೇ ತಗೊಳ್ಳಿ, ಮ್ಯಾನ್ಯುಯಲ್ ಹುಡ್ಕೋ ಕಷ್ಟ ತಪ್ಪತ್ತೆ.

ಆದ್ರೆ ಈ ಕಾರ್ಡ್‌ಗಳಲ್ಲಿ ರೋಮ್ ಇರಲ್ಲ, ಮದರ್‌ಬೋರ್ಡ್ ಬಯೋಸ್‌ನೇ ನಂಬ್ಕೋಬೇಕು. 1984ರ ಎಟಿ ಬಯೋಸ್‌ನಲ್ಲಿ ಡಿಸ್ಕ್‌ಗಳ ಒಂದು ಸಣ್ಣ ಪಟ್ಟಿ ಮಾತ್ರ ಇತ್ತು, ಅದ್ರಲ್ಲಿ ಇಲ್ದೆ ಇರೋ ಅಳತೆ ಕೊಡಕ್ಕೇ ಆಗಲ್ಲ. ಆಮೇಲಿನ ಬಯೋಸ್‌ಗಳಲ್ಲಿ ಟೈಪ್ 47 ಅಂತ ನಾವೇ ಅಳತೆ ಬರೆಯೋ ಜಾಗ ಬಂತು, ಆದ್ರೂ 528 ಎಂಬಿ ಗೋಡೆ ಹಾಗೇ ಉಳೀತು. ಆಂಟ್ರ್ಯಾಕ್ ಡಿಸ್ಕ್ ಮ್ಯಾನೇಜರ್ ತರದ ಓವರ್‌ಲೇ ಸಾಫ್ಟ್‌ವೇರ್ ಹಾಕಿ ಇದನ್ನ ದಾಟ್ತಿದ್ರು, ನಂಗೆ ಅದು ಇಷ್ಟ ಇಲ್ಲ, ಡಿಸ್ಕ್‌ನ ಶುರುವಿನಲ್ಲೇ ಅದು ಕೂತ್ಕೊಂಡು ಬೇರೆ ಮಷೀನ್‌ನಲ್ಲಿ ಆ ಡಿಸ್ಕ್ ಓದಕ್ಕೆ ಹೋದ್ರೆ ಗೋಳು.

ಇದಕ್ಕೆ ಚೆಂದದ ದಾರಿ ಅಂದ್ರೆ ಮೇಲೆ ಹೇಳಿದ ಅದೇ ಯೂನಿವರ್ಸಲ್ ಬಯೋಸ್‌ನ ಒಂದು ಐಎಸ್‌ಎ ನೆಟ್‌ವರ್ಕ್ ಕಾರ್ಡ್‌ನ ಬೂಟ್ ರೋಮ್ ಸಾಕೆಟ್‌ಗೆ ಹಾಕೋದು. 3ಕಾಮ್ 3ಸಿ509ಬಿ ತರದ ಕಾರ್ಡ್‌ಗಳಲ್ಲಿ ಒಂದು ಖಾಲಿ ಸಾಕೆಟ್ ಇರತ್ತೆ ನೋಡಿ, ನೆಟ್‌ವರ್ಕ್‌ನಿಂದ ಬೂಟ್ ಮಾಡೋಕೆ ಅಂತ ಇಟ್ಟಿದ್ದು, ಅದಕ್ಕೆ ಎಪ್ರೋಮ್ (ನಾವೇ ಬರೀಬಹುದಾದ ರೋಮ್ ಚಿಪ್) ಬರ್ದು ಹಾಕಿ, ಕಾರ್ಡ್‌ನ ಸೆಟಪ್ ಪ್ರೋಗ್ರಾಮ್‌ನಲ್ಲಿ ಬೂಟ್ ರೋಮ್ ಆನ್ ಮಾಡಿ ಅಡ್ರೆಸ್ ಡಿ000 ಕೊಡಿ, ಮದರ್‌ಬೋರ್ಡ್ ಸೆಟಪ್‌ನಲ್ಲಿ ಡಿಸ್ಕ್‌ನ ನನ್ ಅಂತ ಇಡಿ. ಮಾಮೂಲಿ ಐಡಿಇ ಕಾರ್ಡ್‌ನಲ್ಲಿರೋ ಡಿಸ್ಕ್‌ನ ಈ ರೋಮ್ ತಾನೇ ಹುಡ್ಕೊಳ್ಳತ್ತೆ, ಸೈಜ್ ಗೋಡೆಗಳೆಲ್ಲ ಹೋಗತ್ತೆ. ಮಷೀನ್‌ಗೆ ನೆಟ್‌ವರ್ಕೂ ಸಿಗ್ತು, ಡಿಸ್ಕೂ ಸಿಗ್ತು, ಸ್ಲಾಟ್ ಒಂದೇ ಖರ್ಚಾಗಿದ್ದು.

ರೋಮ್ ನಿಜವಾಗ್ಲೂ ಕಾಣ್ತಿದ್ಯಾ ಅಂತ ಹೆಂಗೆ ನೋಡೋದು? ಫ್ಲಾಪಿಯಿಂದ ಡಾಸ್ ಬೂಟ್ ಮಾಡಿ ಡಿಬಗ್ ತೆಗೀರಿ, ಡಿ ಡಿ000:0 ಅಂತ ಕೊಡಿ (ಮೊದಲ ಡಿ ಅಂದ್ರೆ ತೋರ್ಸು ಅನ್ನೋ ಕಮ್ಯಾಂಡ್, ಆಮೇಲಿಂದು ಅಡ್ರೆಸ್). ಮೊದಲ ಎರಡು ಬೈಟ್ 55 ಎಎ ಅಂತ ಬಂದ್ರೆ ರೋಮ್ ಅಲ್ಲಿದೆ, ಅದರ ಮುಂದಿನ ಬೈಟ್ ರೋಮ್ ಎಷ್ಟು ಉದ್ದ ಅಂತ 512 ಬೈಟ್‌ಗಳ ಲೆಕ್ಕದಲ್ಲಿ ಹೇಳತ್ತೆ, 10 ಇದ್ರೆ ಹೆಕ್ಸ್‌ನಲ್ಲಿ ಹದಿನಾರು, ಅಂದ್ರೆ 8 ಕೆಬಿ. ಬರೀ ಎಫ್ಎಫ್ ಎಫ್ಎಫ್ ಅಂತ ಸಾಲಾಗಿ ಬಂದ್ರೆ ಆ ಅಡ್ರೆಸ್‌ನಲ್ಲಿ ಯಾರೂ ಇಲ್ಲ, ಜಂಪರ್ ಅಥ್ವಾ ಕಾರ್ಡ್ ಸೆಟಪ್ ತಪ್ಪಿದೆ. 55 ಎಎ ಇದೆ ಆದ್ರೂ ಬೂಟ್ ಟೈಮಲ್ಲಿ ಬ್ಯಾನರ್ ಬರ್ತಿಲ್ಲ ಅಂದ್ರೆ ಬಹುಶಃ ಚೆಕ್‌ಸಮ್ ತಪ್ಪಿರತ್ತೆ, ಎಕ್ಸ್‌ಟಿಐಡಿಇಸಿಎಫ್‌ಜಿಯಲ್ಲಿ ಫೈಲ್ ಮತ್ತೆ ಸೇವ್ ಮಾಡಿ ಚಿಪ್ ಹೊಸದಾಗಿ ಬರೀರಿ. ಈ ಒಂದು ಪರೀಕ್ಷೆ ಗೊತ್ತಿದ್ರೆ ಕಾರ್ಡ್ ಕೆಟ್ಟಿದ್ಯಾ ಸೆಟ್ಟಿಂಗ್ ಕೆಟ್ಟಿದ್ಯಾ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗತ್ತೆ.

ಇದಾದ್ಮೇಲೆ ಡಾಸ್‌ನ ಮೆಮೊರಿ ಮ್ಯಾನೇಜರ್ ಇಎಂಎಂ386 ಬಳಸೋರು ಆ ರೋಮ್ ಜಾಗನ ಬಿಡಿಸ್ಬೇಕು, ಕಾನ್ಫಿಗ್ ಫೈಲ್‌ನಲ್ಲಿ ಎಕ್ಸ್=ಡಿ000-ಡಿ1ಎಫ್ಎಫ್ ಅಂತ ಸೇರಿಸಿ (8 ಕೆಬಿ ರೋಮ್ ಇದ್ರೆ), ಇಲ್ಲಾಂದ್ರೆ ರೋಮ್ ಮೇಲೇ ಅದು ಮೆಮೊರಿ ಹಾಸ್ಬಿಡೋ ಸಾಧ್ಯತೆ ಇದೆ, ಡಿಸ್ಕ್ ಮಧ್ಯದಲ್ಲೇ ಮಾಯ ಆಗತ್ತೆ.

486ನಲ್ಲಿ ವೀಸಾ ಲೋಕಲ್ ಬಸ್ ಇದ್ರೆ ಅದಕ್ಕೆ ಬರೋ ಐಡಿಇ ಕಾರ್ಡ್ ಖಂಡಿತ ಫಾಸ್ಟ್, ಆದ್ರೆ ಪೂರ್ತಿ ಸ್ಪೀಡ್ ಸಿಗೋದು ಅದರ ಡಾಸ್ ಡ್ರೈವರ್ ಹಾಕಿದ್ಮೇಲೆ ಮಾತ್ರ, ಡ್ರೈವರ್ ಸಿಗ್ದೇ ಇರೋ ಕಾರ್ಡ್ ಬಿಟ್ಬಿಡಿ. ಬಸ್ 33 ಮೆಗಾಹರ್ಟ್ಸ್‌ನಲ್ಲಿದ್ರೆ ನಿರಾಳ, 40 ಇಲ್ಲಾ 50ರಲ್ಲಿ ಎರಡು ಮೂರು ಕಾರ್ಡ್ ಹಾಕಿದ್ರೆ ಎಡವಟ್ಟು ಜಾಸ್ತಿ.

ಇದೇ ಕಾಲದ ಬೋರ್ಡ್‌ಗಳಲ್ಲಿ, ಶುರುವಿನ ಪೆಂಟಿಯಮ್‌ಗಳಲ್ಲೂ, ಸಿಎಂಡಿ640 ಮತ್ತೆ ಆರ್‌ಝಡ್1000 ಅನ್ನೋ ಎರಡು ಐಡಿಇ ಚಿಪ್ ಸಿಗತ್ತೆ. ಇವೆರಡರಲ್ಲೂ ಡೇಟಾ ಕೆಡಿಸೋ ದೋಷ ಇದೆ ಅನ್ನೋದು ಆಗಿನಿಂದ್ಲೂ ಗೊತ್ತಿರೋ ವಿಷ್ಯ, ಲಿನಕ್ಸ್ ಕರ್ನಲ್‌ನಲ್ಲಿ ಇವಕ್ಕೆ ಅಂತಾನೇ ಬೇರೆ ಕೋಡ್ ಬರೀಬೇಕಾಯ್ತು. ಕೆಡಿಸೋವಾಗ ಎರರ್ ಏನೂ ತೋರ್ಸಲ್ಲ, ಅದೇ ಭಯ. ಬೋರ್ಡ್ ಮೇಲೆ ಈ ನಂಬರ್ ಕಂಡ್ರೆ ಆನ್‌ಬೋರ್ಡ್ ಐಡಿಇ ಆಫ್ ಮಾಡಿ ಬೇರೆ ಕಾರ್ಡ್ ಹಾಕೋದೇ ಕ್ಷೇಮ.

ಪಿಸಿಐ ಇದ್ರೆ

ಪಿಸಿಐ ಬಂದ್ಮೇಲೆ ಆಯ್ಕೆ ಜಾಸ್ತಿ ಆಗತ್ತೆ, ತಪ್ಪು ಮಾಡಕ್ಕೂ ಜಾಗ ಜಾಸ್ತಿ ಆಗತ್ತೆ. ಮಾಮೂಲಿ 32 ಬಿಟ್ 33 ಮೆಗಾಹರ್ಟ್ಸ್ ಪಿಸಿಐ ಒಟ್ಟು ಸಾಮರ್ಥ್ಯ ಸೆಕೆಂಡ್‌ಗೆ 133 ಎಂಬಿ, ಅದನ್ನ ಸೌಂಡ್, ನೆಟ್‌ವರ್ಕ್ ಎಲ್ಲಾ ಹಂಚ್ಕೋಬೇಕು. ಹಾಗಾಗಿ ಸಾಟಾ (ಐಡಿಇ ಆದ್ಮೇಲೆ ಬಂದ ಡಿಸ್ಕ್ ಕನೆಕ್ಷನ್) 3 ಗಿಗಾಬಿಟ್ಟೋ 6 ಗಿಗಾಬಿಟ್ಟೋ ಅನ್ನೋದು ಇಲ್ಲಿ ಅರ್ಥ ಇಲ್ದೆ ಇರೋ ಚರ್ಚೆ, 1.5 ಗಿಗಾಬಿಟ್ ಕಾರ್ಡೇ ಆ ಬಸ್ ಪೂರ್ತಿ ತುಂಬ್ಸತ್ತೆ.

ಐಡಿಇ ಡಿಸ್ಕ್‌ಗೇ ಇರೋದಾದ್ರೆ ಪ್ರಾಮಿಸ್ ಅಲ್ಟ್ರಾ133 ಟಿಎಕ್ಸ್2 ಒಳ್ಳೇ ಕಾರ್ಡ್, ಸ್ವಂತ ಬಯೋಸ್ ಇದೆ, 137 ಜಿಬಿ ದಾಟತ್ತೆ, ವಿಂಡೋಸ್ 98ಗೂ ಡ್ರೈವರ್ ಇದೆ. 80 ತಂತಿಯ ಕೇಬಲ್ ಹಾಕಿ, 40 ತಂತಿದು ಹಾಕಿದ್ರೆ ಸ್ಪೀಡ್ ಸೆಕೆಂಡ್‌ಗೆ 33 ಎಂಬಿ ಮೇಲೆ ಹೋಗಲ್ಲ.

ಸಾಟಾಗೆ ಹೆಚ್ಚು ಸಿಗೋದು ಎರಡು ಕುಟುಂಬ. ಸಿಲಿಕಾನ್ ಇಮೇಜ್ 3112, 3512 (ಎರಡೆರಡು ಪೋರ್ಟ್), 3114 (ನಾಲ್ಕು ಪೋರ್ಟ್) ಒಂದು ಕಡೆ, ವಿಐಎ 6421 ಇನ್ನೊಂದು ಕಡೆ. ನಾನಾದ್ರೆ ಸಿಲಿಕಾನ್ ಇಮೇಜ್ ತಗೋತೀನಿ. ಅದರ ಕಾರ್ಡ್ ಮೇಲಿನ ಫ್ಲ್ಯಾಶ್‌ನ ನಾವೇ ಬರೀಬಹುದು, ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸೋದು) ಬಯೋಸ್ ಬದ್ಲು ಸಾದಾ ಐಡಿಇ ಬಯೋಸ್ ಹಾಕ್ಬಹುದು, ಒಂದೇ ಡಿಸ್ಕ್ ಇರೋರಿಗೆ ರೇಡ್ ಬಯೋಸ್ ಸುಮ್ನೆ ತೊಂದ್ರೆ. ಕೊಳ್ಳೋ ಮುಂಚೆ ಕಾರ್ಡ್ ಫೋಟೋನ ದೊಡ್ದು ಮಾಡಿ ನೋಡಿ, ಮುಖ್ಯ ಚಿಪ್ ಪಕ್ಕದಲ್ಲಿ ಎಂಟು ಕಾಲಿನ ಅಥ್ವಾ ಚೌಕಾಕಾರದ ಫ್ಲ್ಯಾಶ್ ಚಿಪ್ ಇದ್ಯಾ, ಇಲ್ಲಾ ಅದರ ಜಾಗ ಖಾಲಿ ಬಿಟ್ಟಿದಾರಾ ಅಂತ. ಎಂಟು ಕಾಲಿಂದು ಚಿಕ್ಕ ಸೆಟ್ಟಿಂಗ್ಸ್ ಚಿಪ್ ಕೂಡ ಆಗಿರಬಹುದು, ಮೇಲಿನ ನಂಬರ್ ಓದಿ ಖಾತ್ರಿ ಮಾಡ್ಕೊಳ್ಳಿ. ಖಾಲಿ ಇದ್ರೆ ಬೂಟ್ ಆಗಲ್ಲ, ಎಷ್ಟು ಅಗ್ಗ ಇದ್ರೂ ಬೇಡ.

ವಿಐಎ 6421 ಕಾರ್ಡ್‌ನ ಅನುಕೂಲ ಏನಂದ್ರೆ ಎರಡು ಸಾಟಾ ಜೊತೆ ಒಂದು ಐಡಿಇ ಪೋರ್ಟೂ ಇರತ್ತೆ. ತೊಂದ್ರೆ ಏನಂದ್ರೆ ಈ ಚಿಪ್‌ನ ಹಳೇ ಆವೃತ್ತಿಗಳಿಗೆ 3 ಗಿಗಾಬಿಟ್ ಡಿಸ್ಕ್ ಜೊತೆ ಮಾತು ಹೊಂದಿಸ್ಕೊಂಡು ಕೆಳಗಿಳಿಯಕ್ಕೆ ಬರಲ್ಲ, ಡಿಸ್ಕ್ ಕಾಣ್ಸೋದೇ ಇಲ್ಲ. ಡಿಸ್ಕ್ ಹಿಂದೆ 1.5 ಗಿಗಾಬಿಟ್‌ಗೆ ಇಳಿಸೋ ಜಂಪರ್ ಇದ್ರೆ ಹಾಕಿ, ಸರಿ ಹೋಗತ್ತೆ, ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಅಂಥ ಜಂಪರ್ ಇರಲ್ಲ.

ಸ್ಲಾಟ್ ವೋಲ್ಟೇಜೂ ನೋಡಿ. ಹಳೇ ಬೋರ್ಡ್‌ಗಳು 5 ವೋಲ್ಟ್ ಪಿಸಿಐ, ಕಾರ್ಡ್‌ನ ಅಂಚಿನಲ್ಲಿ ಎರಡು ಕಚ್ಚು ಇದ್ರೆ ಎರಡೂ ವೋಲ್ಟೇಜ್‌ಗೆ ನಡೆಯತ್ತೆ, 3.3ಕ್ಕೆ ಮಾತ್ರ ಇರೋ ಸರ್ವರ್ ಕಾರ್ಡ್ ಈ ಸ್ಲಾಟ್‌ಗೆ ಕೂರೋದೇ ಇಲ್ಲ, ಒತ್ತಿ ಕೂರಿಸಕ್ಕೆ ಹೋಗ್ಬೇಡಿ. 486 ಮತ್ತೆ ಮೊದಮೊದಲ ಪೆಂಟಿಯಮ್ ಬೋರ್ಡ್‌ಗಳಲ್ಲಿ ಕೆಲವು ಸ್ಲಾಟ್‌ಗೆ ಬಸ್ ಮಾಸ್ಟರಿಂಗ್ (ಪ್ರೊಸೆಸರ್ ಇಲ್ದೆ ಕಾರ್ಡೇ ಸೀದಾ ಮೆಮೊರಿ ಮುಟ್ಟೋದು) ಇರಲ್ಲ, ಕೆಲವು ಹೊಸ ಕಾರ್ಡ್‌ಗಳು ಆ ಬೋರ್ಡ್‌ಗಳಿಗೆ ಕಾಣ್ಸೋದೂ ಇಲ್ಲ, ಅಂಥ ಮಷೀನ್‌ಗೆ ಅದೇ ಕಾಲದ ಕಾರ್ಡ್ ಹುಡ್ಕೋದೇ ಸರಿ.

ಇನ್ನೊಂದು ದಾರಿ ಇದೆ, ಕಾರ್ಡೇ ಬೇಡ, ಆನ್‌ಬೋರ್ಡ್ ಐಡಿಇಗೆ ಸಾಟಾ ಬ್ರಿಡ್ಜ್ ಹಾಕೋದು, ಜೆಮೈಕ್ರಾನ್ 20330 ಅಥ್ವಾ ಮಾರ್ವೆಲ್ 88ಎಸ್‌ಎ8040 ಚಿಪ್ ಇರೋದು. ನಿಮ್ಮ ಬಯೋಸ್‌ನ ಗೋಡೆ ಒಳಗಿನ ಸೈಜ್ ಸಾಕು ಅಂದ್ರೆ ಇದಕ್ಕಿಂತ ಸುಲಭ ಇಲ್ಲ, ಆದ್ರೆ ಬ್ರಿಡ್ಜ್ ಯಾವ ಗೋಡೆನೂ ಒಡೆಯಲ್ಲ, ಅದಕ್ಕೆ ಸ್ವಂತ ರೋಮ್ ಇಲ್ವಲ್ಲ.

ಆಪರೇಟಿಂಗ್ ಸಿಸ್ಟಮ್‌ಗೂ ಅದರದ್ದೇ ಮಿತಿ ಇದೆ. ಡಾಸ್ 3.3ರಲ್ಲಿ ಒಂದು ಪಾರ್ಟಿಷನ್ 32 ಎಂಬಿ ಮೀರಲ್ಲ, ಡಾಸ್ 6.22ರಲ್ಲಿ 2 ಜಿಬಿ, ಅದನ್ನ ದಾಟೋ ಫ್ಯಾಟ್32 ಬಂದಿದ್ದು ವಿಂಡೋಸ್ 95ರ ಎರಡನೇ ಓಇಎಂ ಆವೃತ್ತಿಯಲ್ಲಿ. ವಿಂಡೋಸ್ 98ರ ಸ್ವಂತ ಡ್ರೈವರ್ 137 ಜಿಬಿ ಮೇಲೆ ಡೇಟಾ ಕೆಡಿಸತ್ತೆ, ಆ ಡಿಸ್ಕ್ ಪಿಸಿಐ ಕಾರ್ಡ್ ಮೇಲಿದ್ದು ಕಾರ್ಡ್‌ನದ್ದೇ ಡ್ರೈವರ್ ಇದ್ರೆ ಬಚಾವ್.

ಸ್ಕಸಿ ಯಾರಿಗೆ

ಸ್ಕಸಿ ಅಂದ್ರೆ ಡಿಸ್ಕ್, ಸ್ಕ್ಯಾನರ್ ತರದ ಹಲವು ಸಾಧನಗಳನ್ನ ಒಂದೇ ಸಾಲಲ್ಲಿ ಜೋಡಿಸೋ ಇನ್ನೊಂದು ಕನೆಕ್ಷನ್. ಸ್ಕಸಿ ಸ್ಕ್ಯಾನರ್, ಟೇಪ್ ಡ್ರೈವ್ ಇರೋರಿಗೆ, ಇಲ್ಲಾ ಮಷೀನ್ ಮೂಲದಲ್ಲೇ ಸ್ಕಸಿ ಇತ್ತು ಹಾಗೇ ಉಳಿಸ್ಬೇಕು ಅನ್ನೋರಿಗೆ. ಐಎಸ್‌ಎನಲ್ಲಿ ಅಡಾಪ್ಟೆಕ್ 1542 ಕುಟುಂಬ, ಪಿಸಿಐನಲ್ಲಿ 2940, ಎರಡೂ ಗಟ್ಟಿ ಕಾರ್ಡ್‌ಗಳು. 1542 ಮೂಲದಲ್ಲಿ 330 ಹೆಕ್ಸ್ ಪೋರ್ಟ್‌ನಲ್ಲಿ ಕೂತಿರತ್ತೆ, ಸೌಂಡ್ ಕಾರ್ಡ್‌ನ ಎಂಪಿಯು-401 ಮಿಡಿ ಪೋರ್ಟೂ ಅದೇ 330, ಗೇಮ್‌ನಲ್ಲಿ ಮ್ಯೂಸಿಕ್ ಶುರುವಾದ ತಕ್ಷಣ ಮಷೀನ್ ನಿಂತ್ರೆ ಮೊದ್ಲು ಇದನ್ನ ನೋಡಿ. ಐಎಸ್‌ಎ ಬಸ್ ಮಾಸ್ಟರಿಂಗ್ 16 ಎಂಬಿ ಮೇಲಿನ ರ್ಯಾಮ್‌ನ ಮುಟ್ಟಕ್ಕಾಗಲ್ಲ, ಜಾಸ್ತಿ ರ್ಯಾಮ್ ಇದ್ರೆ ಡ್ರೈವರ್ ಡಬಲ್ ಬಫರಿಂಗ್ ಮಾಡ್ಬೇಕು. 1 ಜಿಬಿ ಮೇಲಿನ ಡಿಸ್ಕ್‌ಗೆ ಎಕ್ಸ್‌ಟೆಂಡೆಡ್ ಟ್ರಾನ್ಸ್‌ಲೇಷನ್ ಅಂತ ಒಂದು ಆಯ್ಕೆ ಇರತ್ತೆ, ಫಾರ್ಮ್ಯಾಟ್ ಮಾಡಿದ್ಮೇಲೆ ಅದನ್ನ ಮುಟ್ಟಬಾರ್ದು.

ಟರ್ಮಿನೇಷನ್ (ಸಿಗ್ನಲ್ ವಾಪಸ್ ಬರದ ಹಾಗೆ ತಡೆಯೋ ರೆಸಿಸ್ಟರ್‌ಗಳು) ಸಾಲಿನ ಎರಡೂ ತುದಿಗೆ ಮಾತ್ರ, ಮಧ್ಯದಲ್ಲಿ ಬೇಡ. ಐಡಿ 7 ಕಾರ್ಡ್‌ಗೆ ಬಿಡಿ, ಬೇರೆಯವುಕ್ಕೆ ಒಂದೊಂದು ಬೇರೆ ನಂಬರ್. ಸ್ಪಿನ್ ಆಗೋ ಹಳೇ ಸ್ಕಸಿ ಡಿಸ್ಕ್ ಹುಡ್ಕೋದು ಬಿಟ್ಟು ಬ್ಲೂಸ್ಕಸಿ ಅಥ್ವಾ ಝುಲುಸ್ಕಸಿ ಹಾಕಿ, ಎಸ್‌ಡಿ ಕಾರ್ಡ್ ಮೇಲಿನ ಇಮೇಜ್ ಫೈಲ್‌ನೇ ಡಿಸ್ಕ್ ಅಂತ ತೋರಿಸತ್ತೆ, ಬ್ಯಾಕಪ್ ಅಂದ್ರೆ ಫೈಲ್ ಕಾಪಿ ಮಾಡೋದು ಅಷ್ಟೇ.

ಪಿಸಿ ಅಲ್ದೆ ಬೇರೆ ಮಷೀನ್‌ಗೂ ಇದೇ ಕ್ರಮ ನಡೆಯತ್ತೆ. ಕಮೊಡೋರ್ ಕಂಪನಿಯ ಅಮಿಗಾ 600, 1200ರಲ್ಲಿ 44 ಪಿನ್ ಐಡಿಇ ಒಳಗೇ ಇದೆ, ಅಡಾಪ್ಟರ್ ಹಾಕಿ ಸಿಎಫ್ ಚುಚ್ಚಿದ್ರೆ ಸಾಕು, ಮೊದಲ ಪಾರ್ಟಿಷನ್‌ಗಳು 4 ಜಿಬಿ ಒಳಗಿರ್ಲಿ. ಅಮಿಗಾ 500ಗೆ ಕಂಟ್ರೋಲರ್ ತರೋ ಮುಂಚೆ ಅದರ ರೋಮ್ ಆದ ಕಿಕ್‌ಸ್ಟಾರ್ಟ್ 1.3 ಇದ್ಯಾ ನೋಡಿ, 1.2ರಲ್ಲಿ ಡಿಸ್ಕ್‌ನಿಂದ ತಾನಾಗೇ ಬೂಟ್ ಆಗಲ್ಲ. ಪವರ್ ಮ್ಯಾಕ್‌ನ ಪಿಸಿಐ ಸ್ಲಾಟ್‌ಗೆ ಪಿಸಿ ಸಾಟಾ ಕಾರ್ಡ್ ಹಾಗೇ ಹಾಕಿದ್ರೆ ಬೂಟ್ ಆಗಲ್ಲ, ಅದಕ್ಕೆ ಓಪನ್ ಫರ್ಮ್‌ವೇರ್‌ಗೆ (ಆ ಮ್ಯಾಕ್‌ಗಳಲ್ಲಿ ಬಯೋಸ್ ಬದ್ಲು ಇರೋದು) ಅರ್ಥ ಆಗೋ ರೋಮ್ ಬೇಕು.

ಕಾರ್ಡ್ ಕೂರಿಸೋವಾಗ

ಮಲ್ಟಿ ಐಓ ಕಾರ್ಡ್‌ನಲ್ಲೋ ಮದರ್‌ಬೋರ್ಡ್‌ನಲ್ಲೋ ಇನ್ನೊಂದು ಐಡಿಇ ಇದ್ರೆ ಮೊದ್ಲು ಆಫ್ ಮಾಡಿ, ಒಂದೇ ಅಡ್ರೆಸ್‌ನಲ್ಲಿ ಇಬ್ರು ಇದ್ರೆ ಯಾವ್ದೂ ನಡೆಯಲ್ಲ. ಮೊದಲ ಐಡಿಇ 1ಎಫ್0 ಮತ್ತೆ ಐಆರ್‌ಕ್ಯೂ 14, ಎರಡನೇದು 170 ಮತ್ತೆ 15. ಕೇಬಲ್‌ನ ಕೆಂಪು ಗೆರೆ ಪಿನ್ 1ರ ಕಡೆಗೆ. ಮಾಸ್ಟರ್ ಸ್ಲೇವ್ ಜಂಪರ್ ನೋಡಿ. ಪಿಸಿಐ ಕಾರ್ಡ್‌ನಿಂದ ಬೂಟ್ ಆಗ್ಬೇಕು ಅಂದ್ರೆ ಹಳೇ ಬಯೋಸ್‌ಗಳ ಬೂಟ್ ಪಟ್ಟಿಯಲ್ಲಿ ಸ್ಕಸಿ ಅನ್ನೋದನ್ನ ಮೊದ್ಲಿಡಿ, ಕಾರ್ಡ್ ಸಾಟಾ ಆದ್ರೂ ಬಯೋಸ್ ಅದನ್ನ ಸ್ಕಸಿ ಅಂತಾನೇ ಎಣಿಸತ್ತೆ.

ಹಳೇ ಪವರ್ ಸಪ್ಲೈನ ಮೊಲೆಕ್ಸ್‌ನಿಂದ ಸಾಟಾ ಪವರ್‌ಗೆ ಹೋಗೋ ಅಡಾಪ್ಟರ್ ತಗೊಳ್ಳೋವಾಗ ತಂತಿ ಪ್ಲಾಸ್ಟಿಕ್ ಒಳಗೇ ಅಚ್ಚು ಹೊಯ್ದಂಗೆ ಇರೋದು ಬೇಡ, ಒಳಗೆ ಶಾರ್ಟ್ ಆಗಿ ಸುಟ್ಟೋಗೋ ಜಾತಿ ಅದು. ಪಿನ್ ಒಂದೊಂದೂ ಬೇರೆ ಬೇರೆ ಒತ್ತಿ ಕೂರಿಸಿರೋದು ನೋಡ್ಕೊಂಡು ತಗೊಳ್ಳಿ.

ಪಾರ್ಟಿಷನ್ ಮತ್ತೆ ಫಾರ್ಮ್ಯಾಟ್ ಎರಡನ್ನೂ ಅದೇ ಮಷೀನ್‌ನಲ್ಲಿ, ಅದೇ ಕಂಟ್ರೋಲರ್ ಮೇಲೆ ಮಾಡಿ. ಒಂದೇ ಡಿಸ್ಕ್‌ನ ಒಂದೊಂದು ಬಯೋಸ್ ಒಂದೊಂದು ಸಿಲಿಂಡರ್ ಹೆಡ್ ಲೆಕ್ಕದಲ್ಲಿ ನೋಡತ್ತೆ, ಹೊಸ ಮಷೀನ್‌ನಲ್ಲಿ ಫಾರ್ಮ್ಯಾಟ್ ಮಾಡಿ ತಂದಿದ್ದು ಇಲ್ಲಿ ಡೈರೆಕ್ಟರಿ ತೋರ್ಸಿ ಬೂಟ್ ಮಾತ್ರ ಆಗ್ದೆ ಇರಬಹುದು, ಇನ್ನೂ ಕೆಟ್ಟದಂದ್ರೆ ಬರೆಯೋವಾಗ ತಪ್ಪು ಜಾಗಕ್ಕೆ ಬರ್ದುಬಿಡಬಹುದು. ಸಿಎಫ್ ಕಾರ್ಡ್ ಬೂಟ್ ಆಗ್ಲಿಲ್ಲ ಅಂದ್ರೆ ಎಫ್‌ಡಿಸ್ಕ್ /ಎಂಬಿಆರ್ ಒಮ್ಮೆ ಕೊಟ್ಟು ನೋಡಿ.

ಎಲ್ಲಾ ಆದ್ಮೇಲೆ ನಂಬೋ ಮುಂಚೆ ಪರೀಕ್ಷೆ ಮಾಡಿ. ದೊಡ್ಡ ದೊಡ್ಡ ಜಿಪ್ ಫೈಲ್‌ಗಳನ್ನ ಡಿಸ್ಕ್ ಮುಕ್ಕಾಲು ತುಂಬೋವರೆಗೂ ಕಾಪಿ ಮಾಡಿ, ಮಷೀನ್ ಆಫ್ ಮಾಡಿ ಮತ್ತೆ ಆನ್ ಮಾಡಿ, ಪಿಕೆಅನ್‌ಜಿಪ್‌ನ ಟಿ ಆಪ್ಷನ್ ಕೊಟ್ಟು ಒಂದೊಂದನ್ನೂ ಟೆಸ್ಟ್ ಮಾಡಿ. ಸಿಆರ್‌ಸಿ ತಪ್ಪು (ಫೈಲ್ ಕೆಟ್ಟಿದೆ ಅಂತ ಹೇಳೋದು) ಒಂದೇ ಒಂದು ಬಂದ್ರೂ ಬಿಡಬೇಡಿ, ಮೊದ್ಲು ಕೇಬಲ್ ಬದಲಾಯಿಸಿ, ಆಮೇಲೆ ಬಯೋಸ್‌ನಲ್ಲಿ ಪಿಐಓ ಅಥ್ವಾ ಡಿಎಂಎ ಮೋಡ್ (ಡಿಸ್ಕ್ ಡೇಟಾ ಸಾಗಿಸೋ ವಿಧಾನ, ವೇಗ) ಒಂದು ಮೆಟ್ಟಿಲು ಇಳಿಸಿ, ಆಮೇಲೆ ಪವರ್ ಸಪ್ಲೈನ 5 ವೋಲ್ಟ್ ಅಳೆದು ನೋಡಿ. ಮೂರೂ ಸರಿ ಇದ್ದು ತಪ್ಪು ಮತ್ತೆ ಮತ್ತೆ ಒಂದಷ್ಟು ಜಿಬಿ ದಾಟಿದ್ಮೇಲೇ ಬರ್ತಿದೆ ಅಂದ್ರೆ ಮೇಲೆ ಹೇಳಿದ ಗೋಡೆಗಳಲ್ಲಿ ಒಂದಕ್ಕೆ ತಾಗ್ತಿದೀರಿ, ಪಾರ್ಟಿಷನ್‌ನ ಅದಕ್ಕಿಂತ ಚಿಕ್ಕದು ಮಾಡಿ ಮತ್ತೆ ಅದೇ ಟೆಸ್ಟ್ ಓಡಿಸಿ.